ಇಥಿಯೋಪಿಯಾದ ಕ್ಯಾಸೆಟ್ಟಿನ ಮೇಲೆ ಅಮ್ಮಿಯ ಹಾಡು

ಇಂದಿರಾನಗರದವರಿಗೆ ಹಳೇ ಸಾಮಾನಿನ ಹುಚ್ಚು ಹಿಡಿಯದೇ ಹೋಗಿದ್ದರೆ ನನ್ನ ಅಂಗಡಿ ಎಂದೋ ಮುಚ್ಚಿಹೋಗಿ ಆ ಜಾಗದಲ್ಲಿ ಮೊಬೈಲ್ ಕವರು ಮಾರುವವನು ಕೂತಿರುತ್ತಿದ್ದ. ರಸೆಲ್ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ಎಂಟಡಿ ಅಗಲದ ಅಂಗಡಿ. ಅಬ್ಬಾ, ಅಂದರೆ ನನ್ನ ತಂದೆ, ಶುರು ಮಾಡಿದ್ದು. ರೇಡಿಯೋ, ಟೇಪ್ ರೆಕಾರ್ಡರ್, ಆಂಪ್ಲಿಫೈಯರ್ ರಿಪೇರಿ. ನಡುವೆ ಹದಿನೈದು ವರ್ಷ ಮಿಕ್ಸಿ, ಫ್ಯಾನು ರಿಪೇರಿ ಮಾಡಿ ಹೊಟ್ಟೆ ಹೊರೆದೆ. ಆಮೇಲೊಂದು ದಿನ ಗಡ್ಡ ಬಿಟ್ಟ ಎಂಜಿನಿಯರೊಬ್ಬ ತನ್ನ ತಾತನ ರೆಕಾರ್ಡ್ ಪ್ಲೇಯರನ್ನು ಕೂಸಿನ ಹಾಗೆ ಎತ್ತಿಕೊಂಡು ಬಂದ. ಅವನ ಹಿಂದೆ ಅವನ ಸ್ನೇಹಿತರು ಬಂದರು. ಕರಕರ ಸದ್ದು ಬರಬಾರದೆಂದು ಅಬ್ಬಾ ಜೀವಮಾನವೆಲ್ಲ ತಲೆ ಕೆಡಿಸಿಕೊಂಡರು. ಇವರು ಆ ಕರಕರವೇ ಚಂದ ಅನ್ನುತ್ತಾರೆ. ಮೊದಮೊದಲು ಒಳಗೊಳಗೇ ನಗುತ್ತಿದ್ದೆ. ಈಗ ನಗುವುದಿಲ್ಲ.

ಆ ಗಡ್ಡದವನು ರಿಪೇರಿಯಾದ ಪ್ಲೇಯರನ್ನು ಒಯ್ಯಲು ಬಂದಾಗ ತನ್ನದೇ ಒಂದು ಎಲ್‌ಪಿ ತಂದಿದ್ದ. "ಇದನ್ನ ಹಾಕಿ ಅಂಕಲ್, ಸ್ಪೀಡ್ ಕರೆಕ್ಟಾಗಿದ್ಯಾ ನೋಡ್ಬಿಡೋಣ" ಅಂದ. ಹಾಕಿದೆ. ಮೊದಲು ಡ್ರಮ್ಮು, ಒಂದು ಕಾಲು ಎಳೆದು ನಡೆಯುವವರ ಹಾಗೆ. ಅದರ ಹಿಂದೆ ಆರ್ಗನ್ನು. ಆಮೇಲೆ ಸ್ಯಾಕ್ಸೋಫೋನು. ಶಿವಾಜಿನಗರದ ಮದುವೆ ಬ್ಯಾಂಡುಗಳಲ್ಲೂ ಅದನ್ನು ಊದುವವರಿದ್ದಾರೆ, ಆದರೆ ಇದು ಮದುವೆಗೆ ಊದುವ ರೀತಿಯಲ್ಲ. ಇದ್ದದ್ದು ಐದೇ ಸ್ವರ. ಆ ಐದರಲ್ಲೇ ಸುತ್ತಿ ಸುತ್ತಿ, ಏನೋ ಹೇಳಲು ಬಂದವರು ಹೇಳದೆ ಹಿಂದಿರುಗಿದ ಹಾಗೆ. ಕೊನೆಗೆ ಒಬ್ಬ ಹೆಂಗಸು ಹಾಡಿದಳು. ಪ್ರತಿ ಸಾಲಿನ ತುದಿಯಲ್ಲೂ ಅವಳ ದನಿ ನಡುಗಿ ನಡುಗಿ ನಿಲ್ಲುತ್ತಿತ್ತು. ನನ್ನ ಕೈಯ ಸ್ಕ್ರೂಡ್ರೈವರು ಅಲ್ಲೇ ನಿಂತಿತು.

"ಇದು ಯಾವೂರ ಹಾಡಪ್ಪಾ?"

"ಇಥಿಯೋಪಿಯಾ, ಅಂಕಲ್. ಹಳೇದು. ಈಗ ಸಖತ್ ಫೇಮಸ್."

ಅವನು ನಿಂತುಕೊಂಡೇ ಕಥೆ ಹೇಳಿದ. ಅಲ್ಲಿನ ಚಕ್ರವರ್ತಿಯ ಕಾಲದಲ್ಲಿ ಸೈನ್ಯದ ಬ್ಯಾಂಡು, ಪೊಲೀಸ್ ಬ್ಯಾಂಡುಗಳಲ್ಲಿ ಕಲಿತವರು ರಾಜಧಾನಿಯ ಹೋಟೆಲುಗಳಲ್ಲಿ ನುಡಿಸಲು ಶುರು ಮಾಡಿದರಂತೆ. ತಮ್ಮ ಹಳೇ ರಾಗಕ್ಕೆ ಜಾಜ್ ಸೇರಿಸಿದರಂತೆ. ಆಮೇಲೆ ಮಿಲಿಟರಿಯವರು ಚಕ್ರವರ್ತಿಯನ್ನು ಇಳಿಸಿ ತಾವೇ ಕೂತರು. ವರ್ಷಗಟ್ಟಲೆ ಕರ್ಫ್ಯೂ. ಹೋಟೆಲುಗಳ ಹಾಡು ನಿಂತಿತು, ರೆಕಾರ್ಡು ಮಾಡುವುದೂ ನಿಂತಿತು, ಹಾಡುವವರು ದಿಕ್ಕಾಪಾಲಾದರು. ಬಹಳ ಕಾಲದ ಮೇಲೆ ಯಾರೋ ಹೊರದೇಶದವರು ಹಳೇ ರೆಕಾರ್ಡುಗಳನ್ನು ಹುಡುಕಿ ತೆಗೆದು ಮತ್ತೆ ಹೊರತಂದರು. "ಈಗ ಪ್ಯಾರಿಸಲ್ಲೂ ಇದೇ, ಟೋಕಿಯೋದಲ್ಲೂ ಇದೇ, ನಮ್ಮ ಹಂಡ್ರೆಡ್ ಫೀಟ್ ರೋಡಲ್ಲೂ ಇದೇ ಅಂಕಲ್" ಎಂದು ಖುಷಿಯಾಗಿ ಹೇಳಿದ. ನಾನು ಹೂಂ ಅಂದೆ. ಪ್ಲೇಯರು ಎತ್ತಿಕೊಂಡು ಅವನು ಹೋದ. ಆ ತರದ ದನಿಯನ್ನು ನಾನು ಕೇಳಿದ್ದು ಇದೇ ಮೇಜಿನ ಮೇಲೆ, ಮೂವತ್ತು ವರ್ಷದ ಹಿಂದೆ, ಒಂದು ಕ್ಯಾಸೆಟ್ಟಿನಲ್ಲಿ. ಆ ಕ್ಯಾಸೆಟ್ಟನ್ನು ಅಳಿಸಿದವನು ನಾನೇ.

ಅದನ್ನು ತಂದವನು ಇಥಿಯೋಪಿಯಾದಿಂದ ಇಲ್ಲಿಗೆ ಓದಲು ಬಂದಿದ್ದ ಒಬ್ಬ ವಿದ್ಯಾರ್ಥಿ. ತೊಂಬತ್ತರ ಆಸುಪಾಸು. ಫ್ರೇಜರ್ ಟೌನಿನಲ್ಲಿ ಒಂದು ಕೋಣೆ ಮಾಡಿಕೊಂಡಿದ್ದ. ಉದ್ದಕ್ಕೆ, ತೆಳ್ಳಗೆ, ಮಾತಾಡಿದರೆ ಪಕ್ಕದವರಿಗೂ ಕೇಳಬಾರದು ಅನ್ನುವಷ್ಟು ಮೆತ್ತಗೆ. ಅವನ ಪ್ಲೇಯರು ಕ್ಯಾಸೆಟ್ಟಿನ ರೀಲನ್ನು ನುಂಗಿ ತುಂಡು ಮಾಡಿತ್ತು. ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದು ಅಬ್ಬಾನ ಮುಂದೆ ಇಟ್ಟ. ಅಬ್ಬಾ ಕನ್ನಡಕ ಏರಿಸಿ, ಬ್ಲೇಡಿನಲ್ಲಿ ರೀಲಿನ ಎರಡು ತುದಿ ಓರೆಯಾಗಿ ಕತ್ತರಿಸಿ, ಕೂದಲೆಳೆಯ ಸಂದೂ ಬಿಡದೆ ಜೋಡಿಸಿ ಅಂಟಿಸಿದರು. ಹಾಕಿ ಕೇಳಿಸಿದರು. ಹೆಂಗಸಿನ ದನಿ ಬಂತು. ಆ ಹುಡುಗ ಗೋಡೆಯ ಕಡೆ ತಿರುಗಿ ನಿಂತುಕೊಂಡ.

ಅಬ್ಬಾ ಅವನಿಂದ ದುಡ್ಡು ತೆಗೆದುಕೊಳ್ಳಲಿಲ್ಲ. ನಮ್ಮ ಧರ್ಮದ ಮೊದಮೊದಲ ಜನ ಕಷ್ಟದಲ್ಲಿದ್ದಾಗ ಕಡಲು ದಾಟಿ ಹೋಗಿ ಆಶ್ರಯ ಪಡೆದದ್ದು ಹಬಶ್ ದೇಶದಲ್ಲಿ. ಅಲ್ಲಿನ ಕ್ರೈಸ್ತ ದೊರೆ ಅವರನ್ನು ವೈರಿಗಳಿಗೆ ಒಪ್ಪಿಸಲಿಲ್ಲ. ಇದು ನಮ್ಮ ಮನೆಗಳಲ್ಲಿ ಮಕ್ಕಳಿಗೆ ಹೇಳುವ ಕಥೆ. ಆ ಹಬಶ್ ಅಂದರೆ ಇವನ ಊರೇ. "ಅವರ ಹತ್ರ ನಾವು ಕೈಚಾಚಿದ್ವಿ, ಅವರು ಬಾಗಿಲು ತೆಗೆದ್ರು. ಇವನ ಹತ್ರ ದುಡ್ಡು ತಗೊಳ್ಳೋದಾ? ನಕ್ಕೋ, ಬೇಡ" ಎಂದು ಅಬ್ಬಾ ದಖ್ಖನಿಯಲ್ಲಿ ನನ್ನನ್ನೇ ಗದರಿದರು. ನಾನಿನ್ನೂ ಬಾಯಿ ತೆರೆದಿರಲೇ ಇಲ್ಲ.

ಮುಂದಿನ ವರ್ಷ ಅವನ ದೇಶದಲ್ಲಿ ಮಿಲಿಟರಿ ಸರ್ಕಾರ ಬಿತ್ತು. ಅವನ ತಂದೆಗೆ ಹುಷಾರಿಲ್ಲವೆಂದು ಸುದ್ದಿ ಬಂತು. ಹೊರಡುವ ಮುಂಚೆ ಕ್ಯಾಸೆಟ್ಟು ಹಿಡಿದುಕೊಂಡು ಅಂಗಡಿಗೆ ಬಂದ. ದಾರಿಯಲ್ಲಿ ಏನಾಗುತ್ತದೋ ತಿಳಿಯದು, ವಿಮಾನ ನಿಲ್ದಾಣದಲ್ಲಿ ಕಿತ್ತುಕೊಂಡರೂ ಕಿತ್ತುಕೊಂಡರು, ಎರಡು ತಿಂಗಳಲ್ಲಿ ವಾಪಸು ಬರುತ್ತೇನೆ, ಇಟ್ಟುಕೊಂಡಿರಿ ಅಂದ. ಅಬ್ಬಾ ಅದನ್ನು ಹಣೆಗೆ ಮುಟ್ಟಿಸಿ ಬಿಸ್ಕತ್ತಿನ ಡಬ್ಬಿಯೊಂದರಲ್ಲಿ ಹಾಕಿ ಮೇಲಿನ ಹಲಗೆಯಲ್ಲಿಟ್ಟರು. "ಇದು ಅಮಾನತ್" ಅಂದರು. ಅಮಾನತ್ ಅಂದರೆ ನಂಬಿ ಒಪ್ಪಿಸಿಹೋದದ್ದು. ಬೇರೆ ಗಿರಾಕಿಗಳು ಬಿಟ್ಟುಹೋದ ಸಾಮಾನು ವರ್ಷ ಕಳೆದರೆ ಬಿಡಿಭಾಗಕ್ಕೆ ಬರುತ್ತಿತ್ತು. ಅಮಾನತ್ತಿಗೆ ವಾಯಿದೆ ಇಲ್ಲ. ಕೊಟ್ಟವನು ಬರುವ ತನಕ ಅದು ಅವನದೇ, ನಾವು ಸತ್ತರೂ ಅವನದೇ. ಎರಡು ತಿಂಗಳಾಯಿತು, ಎರಡು ವರ್ಷವಾಯಿತು, ಅವನು ಬರಲಿಲ್ಲ.

ಆಪಾ, ಅಂದರೆ ನನ್ನ ಅಕ್ಕನ ಮದುವೆ ಬಂತು. ಹಳದಿ ಹಚ್ಚುವ ದಿನ ಶುಕ್ರವಾರ ಮಧ್ಯಾಹ್ನ. ಮನೆ ತುಂಬ ಹೆಂಗಸರು, ಒಂದು ಢೋಲಕ್ಕು. ಯಾರೋ ಒತ್ತಾಯ ಮಾಡಿದರೆಂದು ಅಮ್ಮಿ ಹಾಡಲು ಶುರು ಮಾಡಿದಳು. ಅಮ್ಮಿ ಹಾಡುತ್ತಾಳೆಂದು ನನಗೇ ಗೊತ್ತಿರಲಿಲ್ಲ! ಇಪ್ಪತ್ತು ವರ್ಷ ಅವಳ ಬಾಯಲ್ಲಿ ಕೇಳಿದ್ದು ಬೈಗುಳ, ಊಟಕ್ಕೆ ಕರೆಯುವುದು, ಇಷ್ಟೇ. ಮಗಳನ್ನು ಬೀಳ್ಕೊಡುವ ದಖ್ಖನಿ ಹಾಡು ಅದು, ಬಹಳ ಪದ್ಯವಿರುವಂಥದ್ದು. ಮೊದಲ ಪದ್ಯ ಮುಗಿಯುವ ಹೊತ್ತಿಗೆ ಅಡುಗೆಮನೆಯಲ್ಲಿದ್ದವರೂ ಬಂದು ನಿಂತಿದ್ದರು. ಇದನ್ನು ಹಿಡಿದಿಡಬೇಕು ಅನ್ನಿಸಿತು. ಎರಡು ಗಲ್ಲಿ ದಾಟಿ ಅಂಗಡಿಗೆ ಓಡಿದೆ. ರೆಕಾರ್ಡರು ಸಿಕ್ಕಿತು. ಖಾಲಿ ಕ್ಯಾಸೆಟ್ಟು ಒಂದೂ ಇರಲಿಲ್ಲ. ಜುಮ್ಮಾ ನಮಾಜಿನ ಹೊತ್ತು, ಅಕ್ಕಪಕ್ಕದ ಅಂಗಡಿಗಳೆಲ್ಲ ಮುಚ್ಚಿದ್ದವು, ಅಬ್ಬಾ ಮಸೀದಿಯಲ್ಲಿದ್ದರು. ನಾನು ಸ್ಟೂಲು ಹತ್ತಿ ಬಿಸ್ಕತ್ತಿನ ಡಬ್ಬಿ ಇಳಿಸಿದೆ.

ಕ್ಯಾಸೆಟ್ಟಿನ ಬೆನ್ನಿನಲ್ಲಿ ಎರಡು ಮೂಲೆಗೆ ಎರಡು ಸಣ್ಣ ಪ್ಲಾಸ್ಟಿಕ್ ತುಂಡು ಇರುತ್ತವೆ. ಅವನ್ನು ಮುರಿದುಬಿಟ್ಟರೆ ಆ ಕ್ಯಾಸೆಟ್ಟಿನ ಮೇಲೆ ಬೇರೇನೂ ರೆಕಾರ್ಡ್ ಆಗುವುದಿಲ್ಲ. ಆ ಹುಡುಗ ಮುರಿದಿದ್ದ. ಆದರೆ ಮುರಿದ ಜಾಗದ ಮೇಲೆ ಸೆಲೋಟೇಪು ಅಂಟಿಸಿದರೆ ಮೆಷಿನ್ನು ಮೋಸಹೋಗುತ್ತದೆ. ಹಲ್ಲಿನಲ್ಲಿ ಸೆಲೋಟೇಪು ಕಡಿದು ಅಂಟಿಸಿದೆ. ಅಷ್ಟು ಅವಸರದಲ್ಲೂ ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿ ರೀಲು ತಾಗಿ ಓಡುವ ಹೆಡ್ಡುಗಳನ್ನು ಒರೆಸಿದೆ, ಹಳೆಯದನ್ನು ಅಳಿಸುವ ಹೆಡ್ಡನ್ನೂ. ಕೊಳಕು ಹೆಡ್ಡಿನಲ್ಲಿ ರೆಕಾರ್ಡ್ ಮಾಡಿದರೆ ಹಳೇ ದನಿ ಅಡಿಯಲ್ಲಿ ಸಣ್ಣಗೆ ಉಳಿದುಬಿಡುತ್ತದೆ, ಅದು ಹೊಲಸು ಕೆಲಸ ಎಂದು ಅಬ್ಬಾ ಕಲಿಸಿದ್ದರು. ಕೆಲಸವನ್ನು ಚೊಕ್ಕವಾಗಿ ಮಾಡಿದೆ. ಮನೆಗೆ ಓಡಿಬಂದಾಗ ಎಲ್ಲರೂ ಕೇಳಿಕೊಂಡರೆಂದು ಅಮ್ಮಿ ಮತ್ತೆ ಮೊದಲಿನಿಂದ ಹಾಡಿದಳು, ಒಂದು ಬದಿ ಪೂರ್ತಿ ತುಂಬಿತು. ಯಾವ ಬದಿ ಹಾಕುತ್ತಿದ್ದೇನೆ ಎಂದು ಮಾತ್ರ ನೋಡಲಿಲ್ಲ. ಇನ್ನೊಂದು ಬದಿ ಪೂರ್ತಿ ಖಾಲಿ ಇತ್ತು. ಇವತ್ತಿಗೂ ಖಾಲಿ ಇದೆ. ತಿರುಗಿಸಿ ಹಾಕಿದ್ದರೆ ಸಾಕಿತ್ತು.

ಕೆಲವು ತಿಂಗಳ ಮೇಲೆ ಅಬ್ಬಾ ಡಬ್ಬಿ ತೆರೆದರು. ಆ ಹಬಶ್ ಹುಡುಗನ ಕ್ಯಾಸೆಟ್ಟು ಎಲ್ಲಿ ಅಂದರು. "ಅವನು ಬಂದು ತಗೊಂಡು ಹೋದ, ಅಬ್ಬಾ. ನೀವು ನಮಾಜಿಗೆ ಹೋಗಿದ್ರಿ" ಅಂದೆ. ನಾಲಿಗೆ ತಡವರಿಸಲೂ ಇಲ್ಲ. ಅಬ್ಬಾ ಅಲ್ಹಮ್ದುಲಿಲ್ಲಾ ಎಂದು ದೊಡ್ಡ ಉಸಿರು ಬಿಟ್ಟರು. ತಮ್ಮನ್ನು ನೋಡಲು ಕಾಯದೆ ಹೋದನಲ್ಲ ಎಂದು ಸ್ವಲ್ಪ ಬೇಜಾರೂ ಮಾಡಿಕೊಂಡರು. ಸಾಯುವ ತನಕ ಅವರು ಅದನ್ನೇ ನಂಬಿದ್ದರು.

ಆಪಾ ಮದುವೆಯಾದ ಆರನೇ ವರ್ಷ ಕಾಮಾಲೆಯಲ್ಲಿ ಹೋದಳು. ಮಕ್ಕಳಾಗಿರಲಿಲ್ಲ. ಅಮ್ಮಿ ಆಮೇಲೆ ಇಪ್ಪತ್ತು ವರ್ಷ ಬದುಕಿದಳು, ಒಂದು ಸಾಲನ್ನೂ ಗುನುಗಲಿಲ್ಲ. ಆ ಕ್ಯಾಸೆಟ್ಟನ್ನು ಅವಳ ಮುಂದೆ ಹಾಕಲು ಬಿಡುತ್ತಿರಲಿಲ್ಲ. ಅವಳೂ ಹೋದ ಮೇಲೆ ಅದನ್ನು ಅಂಗಡಿಗೆ ತಂದಿಟ್ಟುಕೊಂಡೆ. ರಂಜಾನಿನಲ್ಲಿ ಒಮ್ಮೆ, ಅವಳು ಹೋದ ದಿನ ಒಮ್ಮೆ, ವರ್ಷಕ್ಕೆ ಎರಡು ಸಲ ಕೇಳುತ್ತಿದ್ದೆ. ಅಡಿಯಲ್ಲಿ ಇನ್ನೊಬ್ಬಳ ಹಾಡಿತ್ತೆಂದು ನೆನಪಾಗುತ್ತಿರಲಿಲ್ಲ ಎಂದರೆ ಸುಳ್ಳು. ನೆನಪಾಗುತ್ತಿತ್ತು. ಯಾರೋ ಪರದೇಶಿ ಹುಡುಗ, ಯಾವುದೋ ಸಿನಿಮಾ ಹಾಡಿರಬೇಕು, ಅವನೂರಿನಲ್ಲಿ ಬೇಕಾದಷ್ಟು ಸಿಕ್ಕೀತು ಎಂದು ಸಮಾಧಾನ ಹೇಳಿಕೊಂಡಿದ್ದೆ.

ಗಡ್ಡದವನು ಎಲ್‌ಪಿ ಕೇಳಿಸಿದ ಮರುವರ್ಷ, ಒಂದು ಬೆಳಿಗ್ಗೆ ಹನ್ನೊಂದರ ಸುಮಾರಿಗೆ, ಉದ್ದನೆಯ ಮುದುಕರೊಬ್ಬರು ಅಂಗಡಿಯ ಮುಂದೆ ನಿಂತು ಬೋರ್ಡು ನೋಡುತ್ತಿದ್ದರು. ಕೈಯಲ್ಲಿ ಆಸ್ಪತ್ರೆಯ ಎಕ್ಸ್‌ರೇ ತುಂಬಿದ ಪ್ಲಾಸ್ಟಿಕ್ ಚೀಲ. ಕಣ್ಣು ನೋಡಿದ ಕೂಡಲೇ ಗೊತ್ತಾಯಿತು. ಆ ಹಬಶ್ ಹುಡುಗನೇ. ಅವನು ಅನ್ನುತ್ತಿದ್ದವನನ್ನು ಈಗ ಅವರು ಅನ್ನಬೇಕಾಗಿತ್ತು.

"ಚೆನ್ನಾಗಿ ಇದ್ದೀರಾ?" ಎಂದು ಕನ್ನಡದಲ್ಲೇ ಕೇಳಿದರು. ಅಷ್ಟೇ ಉಳಿದಿತ್ತು ಅವರಿಗೆ. ಮುಂದಿನದೆಲ್ಲ ಇಂಗ್ಲಿಷು. "ನಿಮ್ಮ ತಂದೆ?"

"ಹೋದ್ರು."

ಎದೆಯ ಮೇಲೆ ಕೈಯಿಟ್ಟು ತಲೆ ಬಗ್ಗಿಸಿದರು. ಆಮೇಲೆ ನಾನು ಕೊಟ್ಟ ಸ್ಟೂಲಿನ ಮೇಲೆ ಮೆಲ್ಲಗೆ ಕೂತರು. ಹೃದಯದ ಆಪರೇಷನ್ನಿಗೆ ಬಂದಿದ್ದರು. ಹೊರಮಾವಿನಲ್ಲಿ ಅವರ ನಾಡಿನ ರೋಗಿಗಳು ವಾರದ ಲೆಕ್ಕಕ್ಕೆ ಬಾಡಿಗೆ ಹಿಡಿಯುವ ಫ್ಲ್ಯಾಟೊಂದರಲ್ಲಿ ಇಳಿದಿದ್ದರು. ಟೆಸ್ಟುಗಳ ನಡುವೆ ಒಂದು ದಿನ ಬಿಡುವು ಸಿಕ್ಕಿದ್ದೇ ಇಲ್ಲಿಗೆ ಬಂದಿದ್ದರು. ಚಹಾ ತರಿಸಿದೆ. ಸಕ್ಕರೆ ಹಾಕಿದ್ದನ್ನು ಕುಡಿಯುವ ಹಾಗಿಲ್ಲವೆಂದು ಲೋಟ ಹಿಡಿದುಕೊಂಡು ಕೂತರು.

ಕ್ಯಾಸೆಟ್ಟಿನಲ್ಲಿದ್ದವಳು ಅವರ ಅಕ್ಕ. ಅದನ್ನು ಮೊದಲ ಸಲ ಹೇಳಿದರು. ರಾಜಧಾನಿಯ ಒಂದು ಹೋಟೆಲಿನ ಬ್ಯಾಂಡಿನಲ್ಲಿ ಹಾಡುತ್ತಿದ್ದಳಂತೆ. ರೆಕಾರ್ಡು ಬರಲಿಲ್ಲ, ಬರುವುದರಲ್ಲಿತ್ತು. ಅಷ್ಟರಲ್ಲಿ ಮಿಲಿಟರಿಯವರ ಕಾಲ. ಇವರಿಗೆ ಹನ್ನೆರಡು ವರ್ಷವಿದ್ದಾಗ ಒಂದು ಬೆಳಿಗ್ಗೆ ಅವಳನ್ನು ಮನೆಯಿಂದ ಕರೆದುಕೊಂಡು ಹೋದರು. ವಾಪಸು ಬರಲಿಲ್ಲ, ಶವವೂ ಸಿಗಲಿಲ್ಲ. ಆರ್ಗನ್ ನುಡಿಸುತ್ತಿದ್ದವನು ಒಂದು ಸಲ ತಾಲೀಮಿನಲ್ಲಿ ಸಣ್ಣ ಮೆಷಿನ್ನಿನಲ್ಲಿ ಹಿಡಿದಿಟ್ಟಿದ್ದ ಆ ಅರ್ಧ ಗಂಟೆ ಮಾತ್ರ ಉಳಿದಿತ್ತು. ತಾಯಿ ಅದನ್ನು ಹಿಟ್ಟಿನ ಮಡಕೆಯಲ್ಲಿ ಬಚ್ಚಿಟ್ಟಿದ್ದಳಂತೆ.

"ಈಗ ಎಲ್ಲರೂ ಆ ಕಾಲದ ಹಾಡನ್ನೇ ಹುಡುಕ್ತಿದ್ದಾರೆ" ಅಂದರು. "ಒಬ್ಬ ಬಂದಿದ್ದ, ಮರೆತುಹೋದ ಹಾಡುಗಾರರ ರೆಕಾರ್ಡು ಹೊರಗೆ ತರ್ತಾನಂತೆ. ನನ್ನ ಅಕ್ಕನ ಬಗ್ಗೆ ಹೇಳಿದೆ. ದನಿ ಇದ್ರೆ ಕೊಡಿ, ಹೆಸರು ಹಾಕ್ತೀನಿ ಅಂದ. ದನಿ ಇಲ್ಲದೆ ಹೆಸರು ಹಾಕೋದು ಹೇಗೆ, ಅವನು ಹೇಳಿದ್ದೂ ಸರಿಯೇ. ನನ್ನ ಹತ್ರ ಅವಳ ಫೋಟೋ ಕೂಡ ಇಲ್ಲ. ನೀವು ಇಟ್ಟಿರ್ತೀರಿ ಅಂತ ನನಗೆ ಗೊತ್ತು. ನಿಮ್ಮ ತಂದೆ ಹಣೆಗೆ ಮುಟ್ಟಿಸಿಕೊಂಡಿದ್ರು."

ಕ್ಯಾಸೆಟ್ಟು ಅವರ ಮೊಣಕಾಲಿನಿಂದ ಎರಡಡಿ ದೂರದ ಡ್ರಾಯರಿನಲ್ಲಿತ್ತು. "ಹುಡುಕ್ಬೇಕು. ಅಂಗಡಿ ಎರಡು ಸಲ ಬದಲಾಯಿಸಿದ್ವಿ, ಸಾಮಾನೆಲ್ಲ ಗೋಡೌನಲ್ಲಿದೆ" ಅಂದೆ. ಅಂಗಡಿ ಬದಲಾಯಿಸಿರಲಿಲ್ಲ. ಬೋರ್ಡು ಅದೇ, ಮೇಜು ಅದೇ, ಅವರು ಅದನ್ನೆಲ್ಲ ನೋಡಿ ಗುರುತು ಹಿಡಿದೇ ಒಳಗೆ ಬಂದಿದ್ದರು. ಆದರೂ ನಂಬಿದರು. ಆತುರವಿಲ್ಲ, ಆಪರೇಷನ್ನಿಗೆ ಇನ್ನೂ ಎರಡು ವಾರವಿದೆ ಅಂದರು.

ಆ ಶುಕ್ರವಾರ ನಮಾಜು ಮುಗಿಸಿ ಬಂದು ಅರ್ಧ ಶಟರು ಎಳೆದುಕೊಂಡು ಕೂತೆ. ಹೆಡ್‌ಫೋನು ಹಾಕಿಕೊಂಡು ಅಮ್ಮಿಯ ಹಾಡಿನ ಅಡಿಯಲ್ಲಿ ಅವರ ಅಕ್ಕನಿಗಾಗಿ ಹುಡುಕಿದೆ. ಹೆಡ್ಡಿನ ಕೋನ ಒಂದಿಷ್ಟು ಓರೆ ಮಾಡಿ ನೋಡಿದೆ, ವೇಗ ಇಳಿಸಿ ನೋಡಿದೆ, ಅಮ್ಮಿ ಉಸಿರೆಳೆದುಕೊಳ್ಳುವ ಪ್ರತಿ ಸಂದಿನಲ್ಲೂ ಸೌಂಡು ಪೂರ್ತಿ ಏರಿಸಿ ಕಿವಿಕೊಟ್ಟೆ. ಒಂದು ಆರ್ಗನ್ನಿನ ಎಳೆ, ಒಂದು ಡ್ರಮ್ಮಿನ ತಟ್ಟೆಯ ಸದ್ದು, ಏನಾದರೂ. ಏನೂ ಇರಲಿಲ್ಲ. ನಾನು ಒರೆಸಿದ ಹೆಡ್ಡು ತನ್ನ ಕೆಲಸವನ್ನು ಪೂರ್ತಿ ಮಾಡಿತ್ತು. ಜೀವನದಲ್ಲಿ ಎಷ್ಟೋ ಕೆಲಸ ಅರೆಬರೆ ಮಾಡಿದ್ದೇನೆ, ಅದೊಂದನ್ನು ಅರೆಬರೆ ಮಾಡಬಾರದಿತ್ತೇ ಎಂದು ತಲೆ ತಲೆ ಚಚ್ಚಿಕೊಂಡೆ.

ಅವರು ಎರಡನೇ ಸಲ ಬಂದಾಗಲೂ ಹುಡುಕುತ್ತಿದ್ದೇನೆ ಅಂದೆ. ಅಷ್ಟು ದೂರದಿಂದ ಬಸ್ಸಿನಲ್ಲಿ ಬಂದಿದ್ದರು, ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದರು. ಮೂರನೇ ಸಲ ಬಂದಾಗ ಆಪರೇಷನ್ನಿಗೆ ನಾಲ್ಕು ದಿನ ಉಳಿದಿತ್ತು. ಸ್ಟೂಲಿನ ಮೇಲೆ ಕೂತು ನನ್ನ ಮುಖವನ್ನೇ ನೋಡಿದರು. ನಾನು ಡ್ರಾಯರು ಎಳೆದು ಕ್ಯಾಸೆಟ್ಟನ್ನು ಅವರ ಅಂಗೈಯಲ್ಲಿಟ್ಟೆ.

ಮುಖ ಅರಳಿತು. ಆ ಒಂದು ಕ್ಷಣವನ್ನು ನಾನು ಮರೆಯಲಾರೆ. ಅದನ್ನು ತಿರುಗಿಸಿ ತಿರುಗಿಸಿ ನೋಡಿದರು, ಬೆನ್ನಿನ ಮೇಲೆ ಹೆಬ್ಬೆರಳು ಎಳೆದರು. ಹಳದಿಗಟ್ಟಿದ ಸೆಲೋಟೇಪಿನ ಮೇಲೆ ಬೆರಳು ನಿಂತಿತು. ಆ ತುಂಡನ್ನು ಮುರಿದವರು ಅವರೇ ತಾನೇ. ನಾನು ಬಾಯಿ ಬಿಡುವ ಮುಂಚೆಯೇ ಅವರಿಗೆ ಎಲ್ಲ ಗೊತ್ತಾಗಿಹೋಯಿತು.

"ಏನಿದೆ ಇದರಲ್ಲಿ?" ಎಂದು ಕೇಳಿದರು.

"ನನ್ನ ತಾಯಿ ಹಾಡಿದ್ದು. ಅಕ್ಕನ ಮದುವೆಯಲ್ಲಿ. ನಾನೇ ಮಾಡಿದ್ದು ಸಾರ್. ನಮ್ಮ ತಂದೆಗೆ ಗೊತ್ತಿರ್ಲಿಲ್ಲ. ಅವರಿಗೂ ಸುಳ್ಳು ಹೇಳಿದ್ದೆ."

ಬೈಯುತ್ತಾರೆ ಅಂದುಕೊಂಡೆ. ಬೈಯಲಿ ಎಂದು ಕಾಯುತ್ತಿದ್ದೆ. ಹೊರಗೆ ಮಾಂಸದ ಅಂಗಡಿಯವನು ಗಿರಾಕಿಯೊಂದಿಗೆ ಜಗಳವಾಡುತ್ತಿದ್ದ. ಅವರು ಕ್ಯಾಸೆಟ್ಟನ್ನು ನನ್ನ ಕಡೆ ಚಾಚಿದರು. ಆಮೇಲೆ, "ಹಾಕಿ, ಕೇಳೋಣ" ಅಂದರು.

ಹಾಕಿದೆ. ಢೋಲಕ್ಕು, ಬಳೆ ಸದ್ದು, ಯಾವುದೋ ಮಗುವಿನ ಅಳು, ಅಮ್ಮಿಯ ದನಿ. ಕಣ್ಣುಮುಚ್ಚಿ ಕೇಳಿದರು. ಎರಡನೇ ಪದ್ಯ ಮುಗಿದು ಮೂರನೆಯದು ಶುರುವಾದಾಗ ಕಣ್ಣು ತೆರೆದರು. ಸ್ಪೀಕರಿನ ಹತ್ತಿರ ಕಿವಿ ತಂದರು. ಕೈಯೆತ್ತಿ, ಹಿಂದಕ್ಕೆ ತಿರುಗಿಸಿ ಎಂದು ಸನ್ನೆ ಮಾಡಿದರು. ತಿರುಗಿಸಿದೆ. ಮತ್ತೆ ಸನ್ನೆ, ಮತ್ತೆ ತಿರುಗಿಸಿದೆ.

"ಅಡಿಯಲ್ಲಿ" ಅಂದರು. ಅವರ ದನಿ ಬದಲಾಗಿತ್ತು. "ನಿಮ್ಮ ತಾಯಿಯ ದನಿಯ ಅಡಿಯಲ್ಲಿ ಇನ್ನೊಬ್ಬಳು ಇದ್ದಾಳೆ. ಕೇಳಿ. ಮಾತಿಲ್ಲ, ಬರೀ ಗುನುಗು. ಅವಳು ಹೀಗೇ ಮಾಡ್ತಿದ್ದಳು, ಪದ ಬಿಟ್ಟು ಬರೀ ಗುನುಗೋಳು."

ಅಲ್ಲಿ ಒಬ್ಬಳು ಗುನುಗುತ್ತಿದ್ದದ್ದು ನಿಜ. ನಮ್ಮಲ್ಲಿ ಹಳದಿಯ ದಿನ ಮದುಮಗಳು ತಲೆಯ ಮೇಲೆ ಸೆರಗು ಎಳೆದುಕೊಂಡು ಕೂತಿರಬೇಕು, ಬಾಯಿ ಬಿಡುವ ಹಾಗಿಲ್ಲ. ಹಾಡುವುದಂತೂ ದೂರದ ಮಾತು. ತನ್ನ ಮದುವೆಗೆ ತಾನೇ ಹಾಡುವಷ್ಟು ಅವಸರವೇ ಇವಳಿಗೆ ಎಂದು ಗಂಡಿನ ಕಡೆಯವರು ಆಡಿಕೊಂಡಾರು. ರೆಕಾರ್ಡರು ಇಡಲು ಜಾಗವಿಲ್ಲದೆ ನಾನು ಅದನ್ನು ಆಪಾಳ ಮಗ್ಗುಲಲ್ಲೇ ಇಟ್ಟಿದ್ದೆ. ಅಮ್ಮಿ ಮೂರನೇ ಪದ್ಯಕ್ಕೆ ಬಂದಾಗ ಆಪಾಗೆ ತಡೆಯಲಾಗಲಿಲ್ಲ. ಸೆರಗಿನೊಳಗೆ ತುಟಿ ಬಿಗಿಹಿಡಿದು, ಪಕ್ಕದವರಿಗೂ ಕೇಳದ ಹಾಗೆ, ಅಮ್ಮಿಯ ಜೊತೆ ಗುನುಗಿದಳು. ಮೆಷಿನ್ನಿಗೆ ಮಾತ್ರ ಕೇಳಿಸಿತು. ಅವಳ ದನಿಯೆಂದು ನನ್ನ ಹತ್ತಿರ ಇರುವುದು ಅಷ್ಟೇ, ಒಂದು ಪದ್ಯದಷ್ಟು. ವರ್ಷಕ್ಕೆ ಎರಡು ಸಲ ನಾನು ಕಾದು ಕೂರುತ್ತಿದ್ದದ್ದೂ ಆ ಪದ್ಯಕ್ಕೇ.

"ನೀವು ಮೆಕ್ಯಾನಿಕ್ಕು, ನಿಮಗೆ ಗೊತ್ತಿರುತ್ತೆ" ಅಂದರು. "ಅಳಿಸಿದ ಮೇಲೂ ಹಳೇದು ಸ್ವಲ್ಪ ಉಳಿಯುತ್ತೆ, ಅಲ್ವಾ?"

"ಕೆಲವು ಸಲ ಉಳಿಯುತ್ತೆ."

"ಹಾಗಾದ್ರೆ ಇದು ಅವಳೇ?"

ಅವರ ಕೈ ನನ್ನ ಮೊಣಕೈ ಹಿಡಿದಿತ್ತು. ನಾಲ್ಕು ದಿನದಲ್ಲಿ ಎದೆ ಸೀಳಿಸಿಕೊಳ್ಳಲಿದ್ದ ಮನುಷ್ಯ. ಅವರ ಅಕ್ಕನ ಅರ್ಧ ಗಂಟೆಯನ್ನು ತಿಂದವನು ನಾನು. ನನ್ನ ಅಕ್ಕನ ಒಂದು ಪದ್ಯವನ್ನು ನನ್ನದೆಂದು ಹೇಳಿ ಅವರ ಕೈ ಬಿಡಿಸಿಕೊಳ್ಳಲು ನನಗೆ ಯಾವ ಮುಖವಿತ್ತು?

"ಹೌದು ಸಾರ್" ಅಂದೆ. "ಅವರೇ."

ಅಲ್ಲೇ ಅತ್ತರು. ಸದ್ದಿಲ್ಲದೆ, ಮುಂಚೆ ಗೋಡೆಯ ಕಡೆ ತಿರುಗಿ ಅತ್ತ ಹಾಗಲ್ಲ, ನನ್ನ ಎದುರಿಗೇ. ಆಮೇಲೆ ಕಣ್ಣೊರೆಸಿಕೊಂಡು, "ಇದನ್ನ ಆ ಮನುಷ್ಯನಿಗೆ ಕೊಡೋಕಾಗಲ್ಲ. ಇಷ್ಟು ಸಣ್ಣ ದನಿಗೆ ಯಾರೂ ಹೆಸರು ಹಾಕಲ್ಲ. ಪರವಾಗಿಲ್ಲ, ನನಗೆ ಸಾಕು" ಅಂದರು. ಒಂದು ಕಾಪಿ ಮಾಡಿಕೊಡಿ, ಕ್ಯಾಸೆಟ್ಟು ನಿಮ್ಮಲ್ಲೇ ಇರಲಿ, ತಾಯಿಯದಲ್ಲವೇ ಅಂದರು. ನಾನು ಒಪ್ಪಲಿಲ್ಲ. ಅಮಾನತ್ತು ಅದು, ಕೊಟ್ಟವರಿಗೇ ಸೇರಬೇಕು. ನನಗೊಂದು ಕಾಪಿ ಮಾಡಿಕೊಂಡು ಕ್ಯಾಸೆಟ್ಟನ್ನು ಅವರಿಗೆ ಕೊಟ್ಟೆ. ಕಾಪಿಯಾಗಲು ಅರ್ಧ ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಇಬ್ಬರೂ ಕೂತು ಕೇಳಿದೆವು. ಹೊರಡುವಾಗ ಹೊಸ್ತಿಲಲ್ಲಿ ನಿಂತು, "ನಿಮ್ಮ ತಾಯಿ, ನನ್ನ ಅಕ್ಕ, ಇಬ್ಬರ ದನಿಯೂ ಚೆನ್ನಾಗಿ ಕೂಡಿದೆ" ಅಂದರು. ತಾಯಿ ಮಗಳ ದನಿ ಕೂಡದೆ ಇರುತ್ತದೆಯೇ? ನಾನು ತಲೆಯಾಡಿಸಿದೆ.

ಆಪರೇಷನ್ನು ಚೆನ್ನಾಗಿ ಆಯಿತು, ಊರಿಗೆ ಹೋದರು. ಹೋದ ತಿಂಗಳು ಅವರಿಂದ ವಾಟ್ಸಾಪಿನಲ್ಲಿ ಒಂದು ವಿಡಿಯೋ ಬಂತು. ಅವರ ಮನೆಯ ನಡುಮನೆ. ಅವರ ಪದ್ಧತಿಯಂತೆ ನೆಲಕ್ಕೆ ಹಸಿರು ಹುಲ್ಲು ಹರಡಿ, ಕೆಂಡದ ಒಲೆಯಲ್ಲಿ ಹೆಂಗಸೊಬ್ಬಳು ಕಾಫಿ ಬೀಜ ಹುರಿಯುತ್ತಿದ್ದಾಳೆ. ಸುತ್ತ ಮಕ್ಕಳು ಮೊಮ್ಮಕ್ಕಳು. ಹಿಂದೆ ಅಮ್ಮಿ ಹಾಡುತ್ತಿದ್ದಾಳೆ, ಶಿವಾಜಿನಗರದ ಮನೆಯ ಢೋಲಕ್ಕು ಅಷ್ಟು ದೂರದಲ್ಲಿ ಬಾರಿಸುತ್ತಿದೆ. ಮೂರನೇ ಪದ್ಯ ಬಂದಾಗ ಅವರು ಕೈಯೆತ್ತಿದರು. ಎಲ್ಲರೂ ಸುಮ್ಮನಾದರು. ಪುಟ್ಟ ಮೊಮ್ಮಗಳೊಬ್ಬಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಸ್ಪೀಕರಿನ ಕಡೆ ಬೆರಳು ತೋರಿಸಿ ಒಂದು ಹೆಸರು ಹೇಳಿದರು, ಅವರ ಅಕ್ಕನದು. ಆ ಮಗು ಅದನ್ನೇ ತಿರುಗಿ ಹೇಳಿತು. ಅವರು ಇನ್ನೊಮ್ಮೆ ಹೇಳಿಸಿದರು.

ನಾನು ಫೋನು ಇಟ್ಟು ನನ್ನ ಕಾಪಿಯನ್ನು ಮೆಷಿನ್ನಿಗೆ ಹಾಕಿದೆ. ರಂಜಾನು ಅಲ್ಲ, ಅಮ್ಮಿ ಹೋದ ದಿನವೂ ಅಲ್ಲ. ಸುಮ್ಮನೆ ಕೇಳಬೇಕು ಅನ್ನಿಸಿತು. ಮೂರನೇ ಪದ್ಯ ಬಂತು, ಗುನುಗು ಶುರುವಾಯಿತು. ಯಾವಾಗಲೂ ಅಲ್ಲಿಗೆ ಬಂದಾಗ ಒಮ್ಮೆ ಮೆಲ್ಲಗೆ ಆಪಾ ಅನ್ನುವುದು ನನ್ನ ಅಭ್ಯಾಸ. ಬಾಯಿ ತೆರೆದೆ. ಆ ಮಗು ಹೇಳಿದ ಹೆಸರೇ ಕಿವಿಯಲ್ಲಿತ್ತು. ಪದ್ಯ ಮುಗಿದು ಢೋಲಕ್ಕು ನಿಂತರೂ ಆಪಾ ಅನ್ನಲು ನನಗೆ ಬಾಯಿ ಬರಲಿಲ್ಲ.